ಹೆಪ್ಪಿನ ಬಟ್ಟೆ

ಅವನ ಕರುಳಿನ ಉರಿಯೂತಕ್ಕೆ ಹೆಂಡತಿ ಹೆಪ್ಪು ಹಾಕಿದ ಮೊಸರೊಂದೇ ಒಗ್ಗುತ್ತಿತ್ತು. ಅಂಗಡಿಯ ಮೊಸರು ತಿಂದರೆ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದ.

ತನ್ನ ಆಪರೇಷನ್ನಿಗೆ ಹೊರಡುವ ಮುನ್ನ ಅವಳು ಕರವಸ್ತ್ರವೊಂದನ್ನು ಆ ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಡಬ್ಬಿಯಲ್ಲಿಟ್ಟಳು.

"ನಾನು ಬರೋದು ತಡವಾದ್ರೆ ಇದನ್ನ ಉಗುರುಬೆಚ್ಚಗಿನ ಹಾಲಿಗೆ ಹಾಕಿಡಿ. ನಾನು ಹೆಪ್ಪು ಹಾಕಿದ ಹಾಗೇ ಆಗತ್ತೆ."

ಅವಳು ಬರಲಿಲ್ಲ. ಸೂತಕ ಕಳೆಯುವಷ್ಟರಲ್ಲಿ ಮೊಸರಿನ ಪಾತ್ರೆಯನ್ನು ಯಾರೋ ತೊಳೆದು ಬೋರಲು ಹಾಕಿದ್ದರು.

ಹದಿನಾಲ್ಕನೆಯ ದಿನ ಅವನು ಹಾಲು ಕಾಯಿಸಿ, ಆರಿಸಿ, ಬೆರಳಿಟ್ಟು ಬಿಸಿ ನೋಡಿ, ಡಬ್ಬಿ ತೆರೆದ. ಅದು ಖಾಲಿಯಿತ್ತು.

"ಇದರಲ್ಲೊಂದು ಕರ್ಚೀಫಿತ್ತಲ್ಲ?" ಎಂದು ತಂಗಿಯನ್ನು ಕೇಳಿದ.

"ಅತ್ತಿಗೆ ನೆನಪಿಗೆ ಇಟ್ಕೊಂಡಿದೀಯ ಅಂತ ಗೊತ್ತಾಯ್ತು ಅಣ್ಣ. ಪಾಪ, ಕಲೆಯಾಗಿ ಗಟ್ಟಿಯಾಗಿತ್ತು. ಬಿಸಿನೀರಲ್ಲಿ ಸೋಪು ಹಾಕಿ ತೊಳೆದು, ಇಸ್ತ್ರಿ ಮಾಡಿ, ನಿನ್ನ ದಿಂಬಿನ ಕೆಳಗೆ ಇಟ್ಟಿದೀನಿ."