ನಾಲ್ಕನೇ ಹಲಗೆ

“ಒಂದ ಗುಂಡಿಗೆ ಮುಗೀಬೇಕ್ರಿ. ಅಂಥದ್ದು ಯಾವ್ದು, ಅದನ್ನ ಹೇಳ್ರಿ,” ಎಂದ ಗೌರೀಶ.

ಜಮಖಂಡಿಯ ಹೊರಗಿನ ಹಳೆಯ ಕಲ್ಲುಗಣಿಯ ತಗ್ಗಿನಲ್ಲಿ ನಿವೃತ್ತ ಸುಬೇದಾರ ಸಿದ್ದಾರೂಢ ಭಾನುವಾರಕ್ಕೊಮ್ಮೆ ಪಿಸ್ತೂಲು ಹಿಡಿಯುವುದನ್ನು ಕಲಿಸುತ್ತಿದ್ದ. ಅವತ್ತು ಮೊದಲ ಭಾನುವಾರ. ಮೇಜಿನ ಮೇಲೆ ಮೂರು ಬಗೆಯ ಗುಂಡುಗಳನ್ನು ನಿಲ್ಲಿಸಿದ್ದ. ಪ್ರಶ್ನೆ ಕೇಳಿದ್ದು ಗೌರೀಶನಾದರೂ ಸಿದ್ದಾರೂಢ ಉತ್ತರ ಕೊಟ್ಟದ್ದು ಕಲಿಯಲು ಬಂದಿದ್ದ ಗಂಗಾಂಬಿಕೆಗೆ, ಗೌರೀಶನ ಹೆಂಡತಿಗೆ.

“ಕಲಿಯೂ ಕೈಗೆ ಸಣ್ಣ ಗುಂಡ ಛಲೋರಿ, ಅಧ್ಯಕ್ಷರ. ದೊಡ್ಡದು ಕೈಯನ್ನ ಹಿಂದಕ್ಕ ದೂಡ್ತೈತಿ. ಒಮ್ಮೆ ಅಂಜಿದ ಕಣ್ಣು ಮುಂದಿನ ಸಲ ತಾನಾಗೇ ಮುಚ್ಕೋತೈತಿ. ಮೊದಲ ಇದರಾಗ ಕೈ ಕೂಡ್ಲಿ.”

“ಕಲಿಯಾಕ ಯಾವ್ದರ ಇರ್ಲಿ. ಮನ್ಯಾಗ ಇಡೂದು ದೊಡ್ಡದ,” ಎಂದ ಗೌರೀಶ. ಮತ್ತೆ ಕೇಳಿದ: “ಇಬ್ಬರಿದ್ರ?”

“ಒಂದ ಗುಂಡು ತುಂಬೂದಿಲ್ಲಲ್ರಿ. ಆರು ಇರ್ತಾವ.”

ಗೌರೀಶನಿಗೆ ಸಮಾಧಾನವಾಯಿತು. ಗಂಗಾಂಬಿಕೆ ಸೆರಗು ಸರಿಮಾಡಿಕೊಂಡಳು.

ಅವಳು ಗ್ರಾಮ ಪಂಚಾಯತಿಯ ಅಧ್ಯಕ್ಷೆ. ಸೀಟು ಹೆಂಗಸರಿಗೆ ಮೀಸಲಾದಾಗ ಗೌರೀಶ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದ. ಸಹಿ ಅವಳದು, ಕುರ್ಚಿ ಅವನದು. ಈಗ ಪಿಸ್ತೂಲಿನದೂ ಅದೇ ಕಥೆ. ಒಬ್ಬನ ತಲೆ ಒಡೆದ ಹಳೆಯ ಕೇಸು ಇದ್ದದ್ದರಿಂದ ಗೌರೀಶನಿಗೆ ಲೈಸನ್ಸು ಸಿಗುವಂತಿರಲಿಲ್ಲ. ಹೆಂಡತಿಯ ಹೆಸರು ಎಷ್ಟು ಉಪಯೋಗದ ವಸ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾರಣವಂತೂ ಇತ್ತು. ಎಂಟು ತಿಂಗಳ ಹಿಂದೆ ಅವರ ಒಬ್ಬಳೇ ಮಗಳು ಮಧುಮತಿ, ಬೇರೆ ಜಾತಿಯ ಪ್ರೇಮಕುಮಾರನನ್ನು ರಿಜಿಸ್ಟರ್ ಮದುವೆಯಾಗಿ ಅನಗವಾಡಿಯಲ್ಲಿ ಮನೆ ಮಾಡಿದ್ದಳು. ಆಮೇಲೆ ಒಂದು ಚೀಟಿ ಬಂತು: ಹುಡುಗನ ತಂಟೆಗೆ ಬಂದರೆ ಅಧ್ಯಕ್ಷೆಯನ್ನು ಮುಗಿಸುತ್ತೇವೆ. ಬಾಗಿಲ ಸಂದಿಯಲ್ಲಿ ಚೀಟಿ ಸಿಕ್ಕಿದ್ದು ಗೌರೀಶನಿಗೆ. ಓದಿ ಹೇಳಿದ್ದು ಅವನೇ. ಕಚೇರಿಗೆ ಕೊಂಡೊಯ್ದು ಲೈಸನ್ಸಿಗೆ ಅರ್ಜಿ ಹಾಕಿಸಿದ್ದೂ ಅವನೇ. ಉಳಿದ ಕಾಗದಗಳೆಲ್ಲ ತಯಾರಾಗಿದ್ದವು. ಬಾಕಿ ಇದ್ದದ್ದು ಸಿದ್ದಾರೂಢ ಕೊಡಬೇಕಾದ ತರಬೇತಿ ಪತ್ರ ಒಂದೇ. ಕೊನೆಯ ದಿನ ಹತ್ತು ಗುಂಡು ಹಾರಿಸಬೇಕು, ಅದರಲ್ಲಿ ಆರಾದರೂ ಹಲಗೆಗೆ ಹಚ್ಚಿದ ಹಾಳೆಯ ವೃತ್ತದೊಳಗೆ ಬೀಳಬೇಕು.

ಆ ಮೊದಲ ಭಾನುವಾರ ಅವಳು ಹಾರಿಸಿದ ಮೊದಲ ಮೂರು ಗುಂಡುಗಳೂ ವೃತ್ತದೊಳಗೆ ಬಿದ್ದವು. ಸಿದ್ದಾರೂಢ ಹುಬ್ಬೇರಿಸಿದ. ಬನಹಟ್ಟಿಯ ತವರಿನಲ್ಲಿ ಮಗ್ಗದ ಮುಂದೆ ಬೆಳೆದವಳು ಅವಳು. ಓಡುವ ಮಗ್ಗದಲ್ಲಿ ತುಂಡಾದ ಒಂದು ಎಳೆಯನ್ನು ದೂರದಿಂದಲೇ ಗುರುತಿಸುತ್ತಿದ್ದಳು. ಗೌರೀಶ ಬೀಗಿದ. ಮನೆಗೆ ಹೋಗುವ ದಾರಿಯಲ್ಲಿ ಬೈಕಿನ ಮೇಲಿಂದಲೇ ಹೇಳಿದ: “ನೀ ಬರೇ ಪಾಸಾಗು. ಮುಂದಿಂದು ನಾ ನೋಡ್ಕೋತೀನಿ.”

ಎರಡನೆಯ ಭಾನುವಾರ, ಗಂಡ ಫೋನಿನಲ್ಲಿದ್ದಾಗ, ಅವಳು ಸಿದ್ದಾರೂಢನನ್ನು ಮೆಲ್ಲಗೆ ಕೇಳಿದಳು.

“ಪಾಸಾಗಲಿಲ್ಲಂದ್ರ ಪಿಸ್ತೂಲು ಮನಿಗೆ ಬರೂದ ಇಲ್ಲೇನ್ರಿ?”

“ಪತ್ರ ಇಲ್ಲಂದ್ರ ಲೈಸನ್ಸಿಲ್ಲ. ಲೈಸನ್ಸಿಲ್ಲಂದ್ರ ಒಂದು ಗುಂಡೂ ಸಿಗೂದಿಲ್ರಿ. ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ನಾ ಕಲಿಸ್ತೀನಿ.”

ಅವಳು ತಲೆಯಾಡಿಸಿದಳು. ಅಲ್ಲಿಂದಾಚೆಗೆ ಅವಳ ಗುರಿ ಕೆಟ್ಟಿತು. ಒಂದು ಗುಂಡು ಹಾಳೆಯ ಅಂಚಿಗೆ, ಒಂದು ಹಿಂದಿನ ಮಣ್ಣಿನ ದಿಬ್ಬಕ್ಕೆ. ಜೀವಭಯ ಕೈಗಿಳಿದಿದೆ ಎಂದುಕೊಂಡ ಸಿದ್ದಾರೂಢ, ನಿಲ್ಲುವುದನ್ನು, ಉಸಿರು ಹಿಡಿಯುವುದನ್ನು ಮತ್ತೆ ಮೊದಲಿನಿಂದ ಹೇಳಿಕೊಟ್ಟ. ಗೌರೀಶ ಎಲ್ಲರೆದುರಿಗೇ ಅವಳನ್ನು ಬೈದ. ಅವಳ ನಾಲ್ಕನೇ ಹಲಗೆಯ ಪಕ್ಕದ ಐದನೇ ಹಲಗೆಗೆ ಗುರಿಯಿಡುತ್ತಿದ್ದ ಹುಲೆಪ್ಪನಿಗೆ ಇದರಿಂದ ಒಳಗೊಳಗೇ ಖುಷಿ. ಬೀಳಗಿಯ ಈ ಸಾವಕಾರ ಕಪ್ಪು ಕನ್ನಡಕ, ಕೈಗವಸು ಎಲ್ಲ ಕೊಂಡಿದ್ದ. ಅವನ ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಗುಂಡು ಎಂದೂ ವೃತ್ತ ಸೇರಿರಲಿಲ್ಲ.

ಪರೀಕ್ಷೆಯ ದಿನ ಗಂಗಾಂಬಿಕೆ, ಹುಲೆಪ್ಪ ಇಬ್ಬರೂ ಒಟ್ಟಿಗೆ ನಿಂತು ಹತ್ತು ಹತ್ತು ಗುಂಡು ಹಾರಿಸಿದರು. ಸಿದ್ದಾರೂಢ ನಿಂತಲ್ಲಿಂದಲೇ ದುರ್ಬೀನು ಹಿಡಿದ.

“ಹುಲೆಪ್ಪ ಸಾವಕಾರ್ರ, ಆರಕ್ಕಿಂತ ಹೆಚ್ಚ ಅದಾವ. ಪಾಸು.”

ಹುಲೆಪ್ಪನಿಗೇ ನಂಬಿಕೆ ಬರಲಿಲ್ಲ. ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡು, ಪೇಡೆ ತರಲು ಕಾರು ಹತ್ತಿದ.

“ಅಧ್ಯಕ್ಷರ,” ಸಿದ್ದಾರೂಢ ದುರ್ಬೀನು ಇಳಿಸಿದ. “ನಿಮ್ಮ ಹಾಳಿ ಖಾಲಿ ಐತ್ರಿ. ಬರೂ ತಿಂಗಳ ಮತ್ತ ಪರೀಕ್ಷೆ ಇಡ್ತೀನಿ.”

“ಬರೂ ತಿಂಗಳ ಯಾರಿಗೆ ಬೇಕಾಗೈತ್ರಿ?” ಗೌರೀಶ ಕೈಯಲ್ಲಿದ್ದ ಕಾಗದಗಳ ಚೀಲವನ್ನು ಮೇಜಿನ ಮೇಲೆ ಕುಕ್ಕಿದ. “ಈ ತಿಂಗಳ ಕಡೀಕ ಮಗಳು, ಆ ಹುಡುಗ ಇಬ್ಬರೂ ಅನಗವಾಡಿ ಬಿಟ್ಟು ಹೊಂಟಾರ. ಎಲ್ಲಿಗೆ ಹೋಗ್ತಾರ, ಒಬ್ಬರಿಗೂ ಗೊತ್ತಿಲ್ಲ. ಆಮ್ಯಾಲ ಪಿಸ್ತೂಲು ತಗೊಂಡು ನಾ ಏನ್ ಮಾಡ್ಲಿ?”

ಸಿದ್ದಾರೂಢ ಅವನ ಮುಖವನ್ನೇ ನೋಡಿದ. ಹೆತ್ತ ಅಪ್ಪನ ಬಾಯಿಂದ ಬಂದ ಮಾತು ಅದು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇಂಥವನಿಗೆ ಗುಂಡಿನ ಪಾಠ ಹೇಳಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

“ನಿನ್ನ ಕೈಲಿ ಏನೂ ಆಗೂದಿಲ್ಲ,” ಎಂದು ಹೆಂಡತಿಗೆ ಹೇಳಿ ಗೌರೀಶ ಬೈಕಿನ ಕಡೆ ನಡೆದ.

ಗಂಗಾಂಬಿಕೆ ಖಾಲಿ ಪಿಸ್ತೂಲನ್ನು ಕಲಿಸಿದ ಹಾಗೆಯೇ ಬಾಯಿ ಕೆಳಗೆ ಮಾಡಿ ಮೇಜಿನ ಮೇಲಿಟ್ಟಳು.

“ನೀವು ಕಲಿಸಿದ್ದು ದಂಡ ಆಗಿಲ್ರೀ, ಸುಬೇದಾರ್ರ,” ಎಂದು ಕೈಮುಗಿದು, ಹೋಗಿ ಬೈಕಿನ ಹಿಂದೆ ಕುಳಿತಳು.

ಸಿದ್ದಾರೂಢ ಹಾಳೆ ಬಿಚ್ಚಲು ಹಲಗೆಗಳ ಹತ್ತಿರ ಹೋದ. ನಾಲ್ಕನೆಯದರ ಹಾಳೆ ಹಾಕಿದ ಹಾಗೆಯೇ ಇತ್ತು. ಕಟ್ಟಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ಅವನು ಪಕ್ಕಕ್ಕೆ ಸರಿದು ಐದನೆಯದನ್ನು ನೋಡಿದ. ಒಮ್ಮೆ ಎಣಿಸಿ, ಮತ್ತೊಮ್ಮೆ ಬೆರಳಿಟ್ಟು ಎಣಿಸಿದ.

ಹತ್ತು ಗುಂಡು ಹಾರಿಸಿದ ಹುಲೆಪ್ಪನ ಹಾಳೆಯಲ್ಲಿ ಇಪ್ಪತ್ತು ತೂತುಗಳಿದ್ದವು. ಹತ್ತು ಎಲ್ಲೆಂದರಲ್ಲಿ ಚದುರಿದ್ದವು, ನಟ್ಟನಡುವಿನ ಹತ್ತನ್ನು ಒಂದು ಅಂಗೈ ಮುಚ್ಚುತ್ತಿತ್ತು.