ಏನೂ ಬಾರದವರ ತರಗತಿ

ವಿಶ್ವವಿದ್ಯಾಲಯದ ಆ ಜಪಾನೀ ತರಗತಿ ಒಂದಕ್ಷರವೂ ಬಾರದವರಿಗೆ ಮಾತ್ರ. ಕೊನೆಗೆ ಮೊದಲ ಸ್ಥಾನ ಪಡೆದವರನ್ನು ಜಪಾನಿಗೆ ಕಳಿಸುತ್ತಾರೆ. ಬೇರೆಲ್ಲೋ ಕಲಿತು ಬಂದು ಸುಳ್ಳು ಹೇಳಿ ಸೇರಿದವರನ್ನು ಮನೆಗೆ ಕಳಿಸುತ್ತಾರೆ.

ಮೊದಲ ಪರೀಕ್ಷೆಯಲ್ಲಿ ನಾಗವೇಣಿ ಎಲ್ಲರಿಗಿಂತ ಮುಂದೆ ಬಂದಳು. ಮರುದಿನವೇ ಅವಳನ್ನೂ, ಅವಳ ಮೇಲೆ ದೂರು ಕೊಟ್ಟ ಸಹಪಾಠಿ ಶ್ರೇಯಾಂಕನನ್ನೂ ಮೇಷ್ಟ್ರು ತಮ್ಮ ಕೋಣೆಗೆ ಕರೆಸಿ ಕೂರಿಸಿದರು.

"ಇವಳು ಮೊದ್ಲೇ ಕಲ್ತಿದಾಳೆ ಸರ್," ಎಂದ ಶ್ರೇಯಾಂಕ. "ನಾವೆಲ್ಲ ಇನ್ನೂ ಅಕ್ಷರದಲ್ಲೇ ಒದ್ದಾಡ್ತಿದೀವಿ. ಇವಳಿಗೊಬ್ಬಳಿಗೇ ಹೇಗೆ ಬರುತ್ತೆ?"

"ಹಾಸ್ಟೆಲಲ್ಲಿ ಕೂತು ಬಾಯಿಪಾಠ ಮಾಡಿದ್ದು ಸರ್," ಎಂದಳು ನಾಗವೇಣಿ. "ನೀವು ಕಲಿಸಿದ್ದು ಬಿಟ್ರೆ ನಂಗೆ ಬೇರೇನೂ ಬರಲ್ಲ."

ಮೇಷ್ಟ್ರು ಕನ್ನಡಕ ಒರೆಸುತ್ತಾ, ತಲೆಯನ್ನೂ ಎತ್ತದೆ, ಜಪಾನಿಯಲ್ಲಿ ಮೆಲ್ಲಗೆ ಏನೋ ಹೇಳಿದರು.

ಅವಳಿಗೆ ಒಂದು ಪದವೂ ಅರ್ಥವಾಗಲಿಲ್ಲ. ಕೇಳಿದ್ದು ಪ್ರಶ್ನೆಯೋ, ಬೈದದ್ದೋ? ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತದೆಯೇ? ಮೇಷ್ಟ್ರ ಮುಖವನ್ನೇ ನೋಡುತ್ತಾ ಕೂತೇ ಇದ್ದಳು.

ಪಕ್ಕದ ಕುರ್ಚಿಯಿಂದ ಶ್ರೇಯಾಂಕ ಚಂಗನೆ ನೆಗೆದೆದ್ದು, ಎರಡೂ ಕೈಯಿಂದ ಭುಜ ಕೊಡವಿಕೊಂಡ.

"ಅಯ್ಯೋ, ಎಲ್ಲಿ ಸರ್ ಹಲ್ಲಿ? ನನ್ನ ಮೇಲೇ ಬಿತ್ತಾ?"