ಕಪ್ಪು ಟರ್ನ್‌ಟೇಬಲ್

ಹೊಸ ರೆಕಾರ್ಡಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಪ್ಪ ಟರ್ನ್‌ಟೇಬಲ್ ಕೊಳ್ಳಲು ನನ್ನನ್ನು ಜಯನಗರದ ಅಂಗಡಿಯೊಂದಕ್ಕೆ ಕರೆದೊಯ್ದರು. ತೀರಾ ದುಬಾರಿಯಲ್ಲದ ಎರಡನ್ನು ಅಂಗಡಿಯವರು ಮುಂದಿಟ್ಟರು.

"ನೋಡೋಕೆ ಈ ಮರದ್ದು ಚೆಂದ ಸಾರ್. ಸೌಂಡ್ ಬೇಕಂದ್ರೆ ಬ್ಲ್ಯಾಕ್ ತಗೊಳ್ಳಿ," ಎಂದು ಕಪ್ಪು ಬಣ್ಣದ್ದರ ಮೇಲೆ ರೆಕಾರ್ಡ್ ಇಟ್ಟು ಮುಳ್ಳು ಇಳಿಸಿದರು. ವೀಣೆಯ ನಾದ ಅಂಗಡಿಯನ್ನೆಲ್ಲ ತುಂಬಿತು.

ಅಪ್ಪ ನುಣುಪು ಮರವನ್ನು ಸವರುತ್ತಾ ಕಾಯುತ್ತಿದ್ದರು. "ಆ ಕಪ್ಪುದನ್ನ ಹಾಕಿ ಸಾರ್, ಕೇಳೋಣ," ಎಂದರು.

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಅಪ್ಪನ ತೋಳು ಜಗ್ಗಿದೆ. ತಿರುಗುತ್ತಿದ್ದ ರೆಕಾರ್ಡ್ ಕಂಡು ಅಪ್ಪ ಮರದ ಮೇಲಿಂದ ಕೈ ತೆಗೆದರು. ಆಮೇಲೆ ನಕ್ಕು, "ಯಾವ್ದು ಚೆನ್ನಾಗಿದೆ ಪುಟ್ಟಿ? ನೀನೇ ಹೇಳು," ಎಂದರು. ಕಪ್ಪು ಬಣ್ಣದ್ದನ್ನು ತೋರಿಸಿದೆ.

ಮನೆಗೆ ಮರಳುವಾಗ ಆಟೋ ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ, "ಅಮ್ಮಂಗೆ ಈಗ್ಲೇ ಏನೂ ಹೇಳ್ಬೇಡ," ಎಂದರು.

"ಹೂಂ," ಎಂದೆ.

ಅವರು ನನ್ನ ತುಟಿಗಳನ್ನೇ ನೋಡುತ್ತಾ ಕಾದರು. ನಾನು ತಲೆಯಾಡಿಸಿದೆ.